ಸುಳ್ಳು ಜೋಡಿಯೊಂದನ್ನು ಬರೆದು ಮುಗಿಸಿದ ಕಥೆ

ಹದಿಹರೆಯದವರಿಗಾಗಿ ಒಂದು ಪ್ರೇಮಕಾದಂಬರಿ ಬರೆದು ಮುಗಿಸಿದ್ದೇನೆ. ಎಳೆ ಹೊಸದೇನಲ್ಲ. ಹುಡುಗ ಕೈಕೊಡುತ್ತಾನೆ. ಅವನು ವಾಪಸ್ ಬರಲಿ ಅಂತ ಹುಡುಗಿ ಇನ್ನೊಬ್ಬನ ಜೊತೆ ಪ್ರೀತಿಯ ನಾಟಕ ಶುರು ಮಾಡುತ್ತಾಳೆ. ಕೊನೆಗೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಇಂಥ ಕಥೆಗಳನ್ನೇ ಹುಡುಕಿಕೊಂಡು ಓದುವ ಹದಿನಾರರ ಹುಡುಗಿಗಂತೂ ಮುಖಪುಟ ನೋಡಿದಾಗಲೇ ಗೊತ್ತು. ಹಾಗಿದ್ದಮೇಲೆ ಅವಳನ್ನು ಕೊನೆ ಪುಟದ ತನಕ ಕೂರಿಸೋದು ಹೇಗೆ? ಬರೆಯುವಷ್ಟು ಕಾಲವೂ ನನ್ನ ತಲೆ ತಿಂದದ್ದು ಇದೊಂದೇ ಪ್ರಶ್ನೆ.

ನಾನು ಬರೆದದ್ದನ್ನು ಮೊದಲು ಓದುವವಳು ಅಕ್ಕನ ಮಗಳು. ಕಥೆಯಲ್ಲಿರುವವರದೇ ವಯಸ್ಸು. ಪ್ರಿಂಟ್ ತೆಗೆದುಕೊಟ್ಟರೆ ಪೆನ್ಸಿಲ್ ಹಿಡಿದು ಓದುತ್ತಾಳೆ. ಬೇಜಾರಾದ ಕಡೆ ಅಂಚಿನಲ್ಲಿ ಒಂದು ಗೆರೆ ಎಳೆದು ಮುಂದಕ್ಕೆ ಹೋಗುತ್ತಾಳೆ. ಯಾಕೆ ಅಂತ ಕೇಳಿದರೆ "ಗೊತ್ತಿಲ್ಲ ಚಿಕ್ಕಮ್ಮ, ಬೋರು" ಅಷ್ಟೇ. ಅವಳಿಗಿಂತ ಒಳ್ಳೆಯ ಸಂಪಾದಕರು ನನಗೆ ಇದುವರೆಗೆ ಸಿಕ್ಕಿಲ್ಲ. ಮೊದಲ ಕರಡಿನಲ್ಲಿ ಗೆರೆ ಇಲ್ಲದ ಪುಟ ಹುಡುಕಬೇಕಿತ್ತು.

ಈ ಯುಕ್ತಿ ಎಷ್ಟು ಹಳೆಯದು ಅಂತ ನೋಡಲು ಹೋಗಿ ಶೇಕ್ಸ್‌ಪಿಯರ್ ತನಕ ಹೋದೆ. 1599ರ ಸುಮಾರಿಗೆ ಬರೆದದ್ದು ಎನ್ನಲಾಗುವ 'ಆ್ಯಸ್ ಯು ಲೈಕ್ ಇಟ್' ನಾಟಕದಲ್ಲಿ ರೋಸಲಿಂಡ್ ಗಂಡುವೇಷ ಹಾಕಿಕೊಂಡು ಕಾಡಿನಲ್ಲಿರುತ್ತಾಳೆ. ಅವಳಿಗಾಗಿ ಹುಚ್ಚಾಗಿ ಮರಗಳಿಗೆಲ್ಲ ಪದ್ಯ ನೇತುಹಾಕುವ ಆರ್ಲಾಂಡೊ ಎದುರಿಗೇ ಸಿಗುತ್ತಾನೆ, ಗುರುತು ಹಿಡಿಯಲ್ಲ. ನನ್ನನ್ನೇ ರೋಸಲಿಂಡ್ ಅಂದುಕೋ, ದಿನಾ ಬಂದು ನನ್ನ ಹತ್ತಿರ ಪ್ರೇಮದ ಮಾತಾಡು, ಈ ಕಾಯಿಲೆ ವಾಸಿ ಮಾಡ್ತೀನಿ ಅಂತ ಅವಳು ಅವನನ್ನು ಒಪ್ಪಿಸುತ್ತಾಳೆ. ನೋಡುವವರಿಗೆ ಎಲ್ಲಾ ಗೊತ್ತು. ಆದರೂ ಕೂತು ನೋಡುತ್ತಾರೆ. ಯಾಕೆ ಅಂದರೆ, ರೋಸಲಿಂಡ್ ಆಗಿಯೇ ನಿಂತಿದ್ದರೆ ಕೇಳಲಾಗದ ಎಷ್ಟೋ ವಿಷಯಗಳನ್ನು ಅವಳು ಆ ಆಟದ ನೆಪದಲ್ಲಿ ಅವನ ಬಾಯಿಂದ ಹೊರಡಿಸುತ್ತಾಳೆ. ನೆಪ ಸುಳ್ಳು, ಪ್ರಶ್ನೆ ನಿಜ. ಇದು ನನಗೆ ಹಿಡಿಸಿತು. ಆದರೆ ಹಿಡಿಸಿದ್ದು ಬೇರೆ, ಅದನ್ನು ಹದಿನೇಳರ ಹುಡುಗ ಹುಡುಗಿಯ ಬಾಯಲ್ಲಿ ಕೂರಿಸೋದು ಬೇರೆ.

ಕಥೆಯಲ್ಲಿ ಮೂವರು. ಶ್ರಾವ್ಯ, ಅವಳನ್ನು ಬಿಟ್ಟ ನಿಶಾಂತ್, ನಾಟಕಕ್ಕೆ ಒಪ್ಪುವ ಪ್ರಣವ್. ನಾಲ್ಕನೆಯವಳೊಬ್ಬಳಿದ್ದಾಳೆ, ದಿವ್ಯಾ. ಅವಳ ವಿಷಯ ಆಮೇಲೆ ಹೇಳ್ತೀನಿ.

ಮೊದಲು ಎದುರಾದದ್ದು ಪ್ರಣವ್ ಯಾಕೆ ಒಪ್ಪಬೇಕು ಅನ್ನೋ ಪ್ರಶ್ನೆ. ಶ್ರಾವ್ಯಳಿಗೆ ಕಾರಣ ಇದೆ, ಅವನಿಗೇನಿದೆ? ಈ ಜಾತಿಯ ಕಥೆಗಳಲ್ಲಿ ಸಾಮಾನ್ಯವಾಗಿ ಅವನಿಗೂ ಒಂದು ದೊಡ್ಡ ಅಗತ್ಯ ಕೊಟ್ಟುಬಿಡುತ್ತಾರೆ. ಸ್ನೇಹಿತರ ಜೊತೆ ಕಟ್ಟಿದ ಪಂದ್ಯ, ಕೈತುಂಬ ದುಡ್ಡು, ಅಥವಾ ಅವನಿಗೂ ಒಬ್ಬಳು ಹಳೇ ಹುಡುಗಿ. ನಾನೂ ದೊಡ್ಡದನ್ನೇ ಕೊಟ್ಟಿದ್ದೆ. ಅವನ ಶಾಲಾ ತಂಡದ ನಾಯಕತ್ವವೇ ಅವಳ ಒಂದು ಮಾತಿನ ಮೇಲೆ ನಿಂತಿರುವ ಹಾಗೆ ಏನೋ ಹೆಣೆದಿದ್ದೆ. ಕೆಲಸಕ್ಕೆ ಬಂತು. ಆದರೆ ಅವನು ಆಮೇಲೆ ಶ್ರಾವ್ಯಳನ್ನು ಇಷ್ಟಪಟ್ಟಾಗ ನನಗೇ ನಂಬಿಕೆ ಬರಲಿಲ್ಲ. ಅಷ್ಟು ದೊಡ್ಡ ಲಾಭ ಇರುವವನು ನಾಟಕ ಆಡುತ್ತಾನೆ, ಲಾಭ ತಗೊಂಡು ಮನೆಗೆ ಹೋಗುತ್ತಾನೆ. ಅವನ ಮನಸ್ಸು ಯಾಕೆ ಬದಲಾಗಬೇಕು?

ಆಗ ನೆನಪಾದದ್ದು ಯಾವಾಗಲೋ ಓದಿದ್ದ ಒಂದು ಹಳೇ ಪ್ರಯೋಗ. 1959ರಲ್ಲಿ ಲಿಯಾನ್ ಫೆಸ್ಟಿಂಗರ್ ಮತ್ತು ಜೇಮ್ಸ್ ಕಾರ್ಲ್‌ಸ್ಮಿತ್ ಪ್ರಕಟಿಸಿದ್ದು. ವಿದ್ಯಾರ್ಥಿಗಳಿಗೆ ಒಂದು ಗಂಟೆ ತಲೆಚಿಟ್ಟು ಹಿಡಿಸುವ ಕೆಲಸ ಕೊಟ್ಟರು, ಹಲಗೆಯ ಮೇಲಿನ ಗೂಟಗಳನ್ನು ಸುಮ್ನೆ ತಿರುಗಿಸುತ್ತಾ ಕೂರುವಂಥದ್ದು. ಆಮೇಲೆ, ಹೊರಗೆ ಕಾಯುತ್ತಿರುವವರಿಗೆ ಇದು ತುಂಬಾ ಮಜವಾಗಿತ್ತು ಅಂತ ಸುಳ್ಳು ಹೇಳಿ ಅಂದರು. ಸುಳ್ಳು ಹೇಳಿದ್ದಕ್ಕೆ ಕೆಲವರಿಗೆ 20 ಡಾಲರ್, ಕೆಲವರಿಗೆ 1 ಡಾಲರ್. ಕೊನೆಯಲ್ಲಿ, ನಿಜವಾಗಲೂ ಕೆಲಸ ಹೇಗಿತ್ತು ಅಂತ ಕೇಳಿದಾಗ 20 ಸಿಕ್ಕವರು ಬೋರು ಅಂದರು. 1 ಸಿಕ್ಕವರು ಪರವಾಗಿಲ್ಲ, ಚೆನ್ನಾಗೇ ಇತ್ತು ಅಂದರು. ದೊಡ್ಡ ಕೂಲಿ ಸಿಕ್ಕವನಿಗೆ ತಾನು ಯಾಕೆ ಸುಳ್ಳು ಹೇಳಿದೆ ಅಂತ ಗೊತ್ತು. ಚಿಲ್ಲರೆ ಸಿಕ್ಕವನಿಗೆ ಆ ಸಮಾಧಾನ ಇಲ್ಲ. ಹಾಗಾಗಿ ಅವನ ಮನಸ್ಸು ಸುಳ್ಳಿನ ಕಡೆಗೇ ಒಂದು ಹೆಜ್ಜೆ ಇಟ್ಟುಬಿಡುತ್ತೆ.

ನಾಯಕತ್ವದ ಗಲಾಟೆಯನ್ನೆಲ್ಲ ಅವತ್ತೇ ಕಿತ್ತುಹಾಕಿದೆ. ಈಗ ಪ್ರಣವ್‌ಗೆ ಸಿಗುವುದು ಶ್ರಾವ್ಯಳ ರಸಾಯನಶಾಸ್ತ್ರದ ನೋಟ್ಸ್, ಪರೀಕ್ಷೆ ಮುಗಿಯುವ ತನಕ. ಅಷ್ಟೇ. ಅಕ್ಕನ ಮಗಳು ಮೊದಲು ಒಪ್ಪಲಿಲ್ಲ, "ನೋಟ್ಸಿಗೆ ಯಾರಾದ್ರೂ ಇಷ್ಟೆಲ್ಲಾ ಮಾಡ್ತಾರಾ?" ಅಂದಳು. ಮಾಡಲ್ಲ, ಅಲ್ವಾ? ನನಗೆ ಬೇಕಿದ್ದದ್ದೂ ಅದೇ ಅನುಮಾನ. ಓದುವವಳಿಗೆ ಎರಡನೇ ಅಧ್ಯಾಯದಲ್ಲೇ ಆ ಅನುಮಾನ ಹುಟ್ಟಬೇಕು, ಶ್ರಾವ್ಯಳಿಗೆ ಮಾತ್ರ ಹುಟ್ಟಬಾರದು.

ಇನ್ನು ಒಪ್ಪಂದದ ದೃಶ್ಯ. ಜಾಸ್ತಿ ಸಲ ಬರೆದದ್ದು, ಹರಿದದ್ದು, ಮತ್ತೆ ಬರೆದದ್ದು ಇದನ್ನೇ. ಇಬ್ಬರೂ ಕೂತು ನಾಟಕದ ನಿಯಮಗಳನ್ನು ಬರೆದುಕೊಳ್ಳುತ್ತಾರೆ. ಇದಿಲ್ಲದೆ ಇಂಥ ಕಥೆಯೇ ಇಲ್ಲ. ಮೊದಲು ಬರೆದಾಗ ಇಬ್ಬರೂ ಚಟಪಟ ಅಂತ ಮಾತಾಡುತ್ತಿದ್ದರು, ಒಬ್ಬರಿಗಿಂತ ಒಬ್ಬರು ಚಾಲಾಕು. ಬರೆಯುವಾಗ ನನಗೆ ಖುಷಿಯೋ ಖುಷಿ. ಅಕ್ಕನ ಮಗಳು ಪುಟದುದ್ದಕ್ಕೂ ಗೆರೆ ಎಳೆದಿದ್ದಳು. ಈ ಸಲ ಕಾರಣವನ್ನೂ ಹೇಳಿದಳು: "ಇವರಿಗೆ ಭಯಾನೇ ಇಲ್ವಲ್ಲ ಚಿಕ್ಕಮ್ಮ."

ನಿಜ. ಹದಿನೇಳರಲ್ಲಿ, ಅಷ್ಟೇನೂ ಪರಿಚಯ ಇಲ್ಲದ ಹುಡುಗನ ಜೊತೆ ಕೂತು, ನಾವಿಬ್ಬರೂ ಪ್ರೀತಿಸ್ತಿದ್ದೀವಿ ಅಂತ ಎಲ್ಲರಿಗೂ ತೋರಿಸೋಣ ಅಂತ ಮಾತಾಡುವಾಗ ನಾಲಿಗೆ ಒಣಗಬೇಕು. ಕಣ್ಣು ಕಾಗದದ ಮೇಲೇ ಇರಬೇಕು. ಹಾಗಾಗಿ ಚಾಲಾಕಿನ ಮಾತು ತೆಗೆದು, ಪಕ್ಕಾ ವ್ಯವಹಾರದ ಪ್ರಶ್ನೆಗಳನ್ನು ಹಾಕಿದೆ. ಈಗ ಪುಸ್ತಕದಲ್ಲಿ ಇರುವುದು ಹೀಗೆ:

"ಕೈ ಹಿಡ್ಕೋಬೇಕಾ?"

"ಅವನು ನೋಡ್ತಿದ್ರೆ ಮಾತ್ರ."

"ನೋಡ್ತಿದಾನೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

"ನಾನು ಹೇಳ್ತೀನಿ."

"ಯಾವ ಕೈ?"

ಶ್ರಾವ್ಯ ಬರೆಯುವುದನ್ನು ನಿಲ್ಲಿಸಿದಳು. ನಿಶಾಂತ್ ಜೊತೆ ಒಂದು ವರ್ಷ ಓಡಾಡಿದ್ದಳು. ಯಾವ ಕೈ ಅಂತ ಅವನು ಒಂದು ಸಲವೂ ಕೇಳಿರಲಿಲ್ಲ.

"ಎಡಗೈ," ಅಂದಳು. "ಬಲಗೈ ಬೆವರುತ್ತೆ."

ಇದನ್ನು ಬರೆದ ದಿನ ಇಡೀ ಕಾದಂಬರಿ ಯಾವುದರ ಬಗ್ಗೆ ಅಂತ ನನಗೆ ತಿಳಿಯಿತು. ಹೊಟ್ಟೆಕಿಚ್ಚು, ಸೇಡು, ವಾಪಸ್ ಗೆಲ್ಲುವುದು, ಇವೆಲ್ಲ ಓದುಗರನ್ನು ಒಳಗೆ ಕರೆಯುವುದಕ್ಕೆ. ಒಳಗಿರುವುದು ಬೇರೆ. ನಿಜವಾದ ಜೋಡಿಗಳು, ಅದರಲ್ಲೂ ಆ ವಯಸ್ಸಿನವರು, ಒಬ್ಬರನ್ನೊಬ್ಬರು ಏನನ್ನೂ ಕೇಳುವುದಿಲ್ಲ. ಪ್ರೀತಿ ಇದ್ದಮೇಲೆ ಅರ್ಥ ಆಗಬೇಕು ಅನ್ನೋ ಹಟ. ದಿನಕ್ಕೆಷ್ಟು ಮೆಸೇಜ್ ಮಾಡಿದರೆ ಸಾಕು, ಯಾರ ಎದುರು ಏನಂತ ಪರಿಚಯಿಸಬೇಕು, ಯಾವ ತಮಾಷೆಗೆ ನೋವಾಗುತ್ತೆ, ಒಂಟಿಯಾಗಿರಬೇಕು ಅನಿಸಿದರೆ ಹೇಗೆ ಹೇಳೋದು, ಇದ್ಯಾವುದೂ ಬಾಯಿಗೆ ಬರುವುದಿಲ್ಲ. ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡು, ಲೆಕ್ಕ ತಪ್ಪಿದಾಗ ಮುಖ ಊದಿಸಿಕೊಂಡು ಕೂರುತ್ತಾರೆ. ಸುಳ್ಳು ಜೋಡಿಗೆ ಆ ಸೌಕರ್ಯ ಇಲ್ಲ. ಎಲ್ಲವನ್ನೂ ಬಾಯಿಬಿಟ್ಟು ಕೇಳಬೇಕು, ಇಲ್ಲದಿದ್ದರೆ ಸಿಕ್ಕಿಬೀಳುತ್ತಾರೆ. ಪ್ರೀತಿ ಇಲ್ಲ ಅನ್ನೋ ಧೈರ್ಯದಲ್ಲಿ ಕೇಳುತ್ತಾರೆ ಕೂಡ. ತಿರಸ್ಕಾರದ ಭಯ ಇಲ್ಲವಲ್ಲ!

ಈ ಎಳೆ ಸಿಕ್ಕಮೇಲೆ ಮುಂದಿನ ಅಧ್ಯಾಯ ತಾನಾಗೇ ಬಂತು. ಜನ ನಂಬಬೇಕಾದರೆ ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಗೊತ್ತಿರಬೇಕು. ಇಬ್ಬರೂ ಪರೀಕ್ಷೆಗೆ ಓದುವ ಹಾಗೆ ಒಬ್ಬರನ್ನೊಬ್ಬರು ಓದುತ್ತಾರೆ. ಮೊದಲು ಇಷ್ಟದ ಬಣ್ಣ, ಹುಟ್ಟಿದ ದಿನ, ಹೀಗೆ ಸುಲಭದ್ದು. ಆಮೇಲೆ ಯಾವುದಕ್ಕೆ ಕೊನೆಯ ಸಲ ಅತ್ತದ್ದು ಅನ್ನೋ ತನಕ. ಮನಶ್ಶಾಸ್ತ್ರಜ್ಞ ಆರ್ಥರ್ ಅರಾನ್ ಮತ್ತು ಜೊತೆಗಾರರು 1997ರಲ್ಲಿ ಇಂಥದ್ದೇ ಒಂದನ್ನು ಪ್ರಕಟಿಸಿದ್ದರು. ಒಟ್ಟು 36 ಪ್ರಶ್ನೆ, ಮೂರು ಕಂತು, ಪ್ರತಿ ಕಂತೂ ಹಿಂದಿನದಕ್ಕಿಂತ ಒಳಗೆ ಇಳಿಯುವಂಥದ್ದು. ಅಪರಿಚಿತರಿಬ್ಬರು 45 ನಿಮಿಷ ಕೂತು ಒಬ್ಬರಾದಮೇಲೆ ಒಬ್ಬರು ಉತ್ತರ ಹೇಳಿದರೆ, ಅಷ್ಟೇ ಹೊತ್ತು ಲೋಕಾಭಿರಾಮ ಹರಟಿದವರಿಗಿಂತ ಹತ್ತಿರವಾದ ಹಾಗೆ ಅನಿಸುತ್ತಿತ್ತಂತೆ. ಪ್ರೀತಿ ಹುಟ್ಟಿಸುವ ಮಂತ್ರ ಅಂತ ಅದನ್ನು ಎಲ್ಲೆಡೆ ಹಂಚಿಕೊಳ್ಳುತ್ತಾರೆ. ಅವರು ಅಳೆದದ್ದು ಪ್ರೀತಿಯನ್ನಲ್ಲ, ಆ ಹೊತ್ತಿನ ಹತ್ತಿರವನ್ನು. ನನಗೆ ಬೇಕಿದ್ದದ್ದು ಅದರೊಳಗಿನ ಕ್ರಮ ಮಾತ್ರ: ಮೆಲ್ಲಗೆ ಇಳಿಯಬೇಕು, ಇಬ್ಬರೂ ಸರಿಸಮ ಹೇಳಬೇಕು. ಮೊದಲ ಕರಡಿನಲ್ಲಿ ಪ್ರಣವ್ ಮಾತ್ರ ತನ್ನ ದುಃಖವೆಲ್ಲ ಹೇಳಿಕೊಳ್ಳುತ್ತಿದ್ದ, ಶ್ರಾವ್ಯ ತಲೆ ಆಡಿಸುತ್ತಿದ್ದಳು. ಅದನ್ನು ಓದಿದರೆ ಆಪ್ತಸಲಹೆಗಾರರ ಕೋಣೆಯ ಹಾಗಿತ್ತು. ಸಾಲುಗಳನ್ನು ಅರ್ಧರ್ಧ ಹಂಚಿದಮೇಲೆ ಸರಿಹೋಯಿತು.

ಮುಟ್ಟುವ ವಿಷಯಕ್ಕೆ ಬಂದರೆ ನಾನು ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ಇವರಿಗೆ ಹದಿನೇಳು. ಕೈ ಹಿಡಿಯುವುದು, ಹೆಗಲಿಗೆ ಹೆಗಲು ತಾಗಿಸಿ ಕೂರುವುದು, ಅದರಾಚೆ ಇಲ್ಲ. ಅದಕ್ಕೂ ಕೇಳಿಯೇ. ಇದರಿಂದ ರೋಮಾಂಚನ ಕಡಿಮೆಯಾಗುತ್ತೆ ಅನ್ನುವವರಿದ್ದಾರೆ. "ಈಗ ನೋಡ್ತಿದಾನೆ" ಅಂತ ಅವಳು ಹೇಳಿ, ಅವನು ಕೈ ಚಾಚಿ, ಮುಟ್ಟುವ ಮುಂಚೆ ಅರೆಕ್ಷಣ ನಿಲ್ಲಿಸಿ, ಅವಳು ಎಡಗೈ ಮುಂದಿಡುವ ಆ ಒಂದು ಸಾಲಿನ ಪಕ್ಕ ಅಕ್ಕನ ಮಗಳು ಬರೆದಿದ್ದ ಅಕ್ಷರಗಳನ್ನು ಅವರಿಗೆ ತೋರಿಸಬೇಕು. ಬರೀ "ಆಆಆ" ಅಂತ ಇತ್ತು, ಪುಟದ ಕೆಳಗಿನ ತನಕ.

ಫೋನಿನ ಸಂಗತಿ ಬೇಗ ಮುಗಿಸ್ತೀನಿ. ಈಗಿನ ಸುಳ್ಳು ಜೋಡಿ ಅರ್ಧ ಫೋನಿನಲ್ಲೇ ಬದುಕುತ್ತೆ. ಯಾರ ಸ್ಟೇಟಸ್ ಯಾರು ಮೊದಲು ನೋಡಿದರು, ಬ್ಲೂ ಟಿಕ್ ಬಂದೂ ಉತ್ತರ ಬರಲಿಲ್ಲ, ಫೋಟೋದಲ್ಲಿ ಮುಖ ಕಾಣಬೇಕಾ ಬರೀ ಕೈ ಸಾಕಾ. ಬರೀ ಕೈ ಸಾಕು ಅಂತ ಅವರಿಬ್ಬರೂ ತೀರ್ಮಾನ ಮಾಡುತ್ತಾರೆ, ಯಾಕೆಂದರೆ ಮುಖ ಕಾಣದಿದ್ದರೆ ನಿಶಾಂತ್ ಯಾರು ಅಂತ ಊಹಿಸುತ್ತಾ ಕೂರುತ್ತಾನೆ. ಆದರೆ ಆ್ಯಪ್‌ಗಳ ಹೆಸರು, ಈ ವರ್ಷದ ಪದಗಳು, ಇವನ್ನು ಆದಷ್ಟು ದೂರ ಇಟ್ಟೆ. ಪುಸ್ತಕ ಅಚ್ಚಾಗುವಷ್ಟರಲ್ಲಿ ಹಳಸಿರುತ್ತವೆ. ನನ್ನ ವಯಸ್ಸಿನವಳು ಅವನ್ನು ಬಳಸಿದರೆ ಮಕ್ಕಳಿಗೆ ಕಸಿವಿಸಿ ಬೇರೆ.

ನಿಶಾಂತ್ ನನ್ನನ್ನು ತುಂಬಾ ಕಾಡಿದ. ಮೊದಲು ಅವನನ್ನು ಕೆಟ್ಟವನನ್ನಾಗಿ ಮಾಡಿದ್ದೆ, ಜಂಬದವನು, ಬೇರೆ ಹುಡುಗಿಯರ ಹಿಂದೆ ಹೋಗುವವನು. ಹಾಗೆ ಮಾಡಿದರೆ ಬರೆಯುವವರಿಗೆ ಆರಾಮ. ಓದುಗರು ಮೊದಲ ಪುಟದಿಂದ ಪ್ರಣವ್ ಪಕ್ಷ. ಅಕ್ಕನ ಮಗಳು ಒಂದೇ ಪ್ರಶ್ನೆ ಕೇಳಿದಳು: "ಇಂಥವನು ಯಾಕೆ ವಾಪಸ್ ಬೇಕು ಇವಳಿಗೆ?" ಹೌದಲ್ವಾ. ಅವನು ಬೇಕು ಅನಿಸುವಂಥವನಲ್ಲದಿದ್ದರೆ ಶ್ರಾವ್ಯ ದಡ್ಡಿಯಾಗುತ್ತಾಳೆ, ಅವಳ ನಾಟಕ ಬರೀ ತಮಾಷೆಯಾಗುತ್ತೆ.

ಅವನನ್ನು ಮತ್ತೆ ಬರೆದೆ. ಈಗಿನ ನಿಶಾಂತ್ ಒಳ್ಳೆಯ ಹುಡುಗ. ಅವಳ ತಮ್ಮನ ಜೊತೆ ಗಂಟೆಗಟ್ಟಲೆ ಚೆಸ್ ಆಡುವವನು. ಬಿಟ್ಟು ಹೋದದ್ದು ಇನ್ನೊಬ್ಬಳಿಗಾಗಿ ಅಲ್ಲ. ಅವರಿಬ್ಬರ ವಿಷಯದಲ್ಲಿ ಎಲ್ಲಾ ತೀರ್ಮಾನ ಶ್ರಾವ್ಯಳದೇ ಆಗಿತ್ತು. ಎಲ್ಲಿ ಸಿಗೋದು, ಎಷ್ಟು ಹೊತ್ತಿಗೆ, ಅವನ ಡಿಪಿ ಯಾವುದು, ಅವನ ಕೂದಲು ಹೇಗಿರಬೇಕು. ಅವನಿಗೆ ಉಸಿರು ಕಟ್ಟಿತು. ಹೇಳಲು ಬರಲಿಲ್ಲ. ಉತ್ತರಗಳು ತಡವಾದವು, ಆಮೇಲೆ ಒಂದೊಂದೇ ಅಕ್ಷರವಾದವು, ಆಮೇಲೆ "ಸ್ವಲ್ಪ ದಿನ ಬ್ರೇಕ್ ತಗೊಳ್ಳೋಣ" ಅಂತ ಒಂದು ಮೆಸೇಜ್. ಇದನ್ನು ಬರೆದಾದಮೇಲೆ ಒಪ್ಪಂದದ ದೃಶ್ಯಕ್ಕೆ ಹಿಂದೆ ಹೋಗಿ ಒಂದು ಸಣ್ಣ ಬದಲಾವಣೆ ಮಾಡಿದೆ. ಅಲ್ಲೂ ಪೆನ್ನು ಶ್ರಾವ್ಯಳ ಕೈಯಲ್ಲೇ ಇರುತ್ತೆ, ನಿಯಮಗಳನ್ನು ಅವಳೇ ಹೇಳಿ ಅವಳೇ ಬರೆಯುತ್ತಿರುತ್ತಾಳೆ. ಅರ್ಧಕ್ಕೆ ಪ್ರಣವ್ "ಒಂದು ನಾನು ಬರೀಲಾ?" ಅಂತ ಪೆನ್ನು ಕೇಳುತ್ತಾನೆ. ಅವಳು ಕೊಡಲು ತಡಮಾಡುತ್ತಾಳೆ. ಅಷ್ಟೇ. ಅದರ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ.

ನಿಶಾಂತ್ ವಾಪಸ್ ಬರುತ್ತಾನೆ. ಬರಲೇಬೇಕು. ನಾಟಕ ಕೆಲಸ ಮಾಡದಿದ್ದರೆ ಕಥೆಗೆ ಮುಳ್ಳೇ ಇಲ್ಲ. ಆದರೆ ಅವನು ಯಾಕೆ ಬರುತ್ತಾನೆ ಅನ್ನೋದರಲ್ಲಿ ನನಗೆ ರಾಜಿ ಇರಲಿಲ್ಲ. ಹೊಟ್ಟೆಕಿಚ್ಚು ಬಂದರೆ ಪ್ರೀತಿ ಇದೆ ಅಂತ ಅರ್ಥ ಅನ್ನೋ ಮಾತನ್ನು ಇಂಥ ಕಥೆಗಳು ಎಷ್ಟು ಸಲ ಹೇಳಿವೆಯೋ ಲೆಕ್ಕ ಇಲ್ಲ. ನನಗೆ ಅದು ಸುಳ್ಳು ಅನಿಸುತ್ತೆ, ಅಪಾಯದ ಸುಳ್ಳು. ಜ್ಯಾಕ್ ಬ್ರೆಮ್ ಅನ್ನೋ ಮನಶ್ಶಾಸ್ತ್ರಜ್ಞ 1966ರಲ್ಲಿ ಒಂದು ಸಿದ್ಧಾಂತ ಮಂಡಿಸಿದ್ದ. ನಮಗೆ ಇದ್ದ ಆಯ್ಕೆಯೊಂದನ್ನು ಯಾರಾದರೂ ಕಿತ್ತುಕೊಂಡರೆ, ಆ ವಸ್ತುವಿನ ಮೇಲೆ ನಮಗೆ ಇದ್ದದ್ದಕ್ಕಿಂತ ಜಾಸ್ತಿ ಆಸೆ ಹುಟ್ಟುತ್ತೆ ಅನ್ನೋದು ಅದರ ತಿರುಳು. ನಿಶಾಂತ್‌ಗೆ ಆದದ್ದು ಅದೇ. ಶ್ರಾವ್ಯ ಅಲ್ಲೇ ಇರ್ತಾಳೆ, ಬೇಕಾದಾಗ ಹೋಗಬಹುದು ಅಂದುಕೊಂಡಿದ್ದ ಬಾಗಿಲು ಮುಚ್ಚಿದ ಹಾಗೆ ಕಂಡಾಗ ಓಡಿ ಬರುತ್ತಾನೆ. ಬಂದವನು ಮೊದಲು ಕೇಳುವುದು "ಅವನು ಯಾರು?" ಅಂತ. "ನೀನು ಹೇಗಿದೀಯಾ?" ಅಂತಲ್ಲ. ಶ್ರಾವ್ಯ ಅದನ್ನು ಗಮನಿಸುತ್ತಾಳೆ. ಅಷ್ಟು ಹೊತ್ತಿಗೆ ಅವಳಿಗೆ ಪ್ರಶ್ನೆಗಳ ರುಚಿ ಹತ್ತಿರುತ್ತೆ.

ಸುಳ್ಳು ನಿಜವಾಗುವ ಜಾಗ ಯಾವುದು ಅಂತ ನಿರ್ಧರಿಸುವುದೂ ಒಂದು ಫಜೀತಿ. ಇಬ್ಬರಿಗೂ ಒಂದೇ ಸಂಜೆ, ಒಂದೇ ಮಳೆಯಲ್ಲಿ, ಒಟ್ಟಿಗೆ ಪ್ರೀತಿಯಾಗುವುದು ನನಗೆ ಎಂದೂ ನಂಬಿಕೆ ಬರದ ಸಂಗತಿ. ನನ್ನ ಕಥೆಯಲ್ಲಿ ಪ್ರಣವ್ ಮುಂದೆ, ಶ್ರಾವ್ಯ ತುಂಬಾ ಹಿಂದೆ. ಓದುಗರು ಇಬ್ಬರ ನಡುವೆ ನಿಂತು ಒದ್ದಾಡಬೇಕು. ಮೊದಲು ಶ್ರಾವ್ಯಳ ಬಾಯಲ್ಲೇ, "ನಾನು" ಅಂತ ಕಥೆ ಹೇಳಿಸಿದ್ದೆ. ಆಗ ಅವಳಿಗೆ ಕಾಣದ್ದು ಓದುಗರಿಗೂ ಕಾಣುತ್ತಿರಲಿಲ್ಲ, ಕಾಣಿಸಲು ಹೋದರೆ ಅವಳು ಬೇಕಂತಲೇ ಕುರುಡಿಯಾದ ಹಾಗಿರುತ್ತಿತ್ತು. "ಅವಳು" ಅಂತ ಬದಲಾಯಿಸಿದೆ. ಇಡೀ ಕರಡನ್ನು ಸಾಲು ಸಾಲಾಗಿ ತಿದ್ದಬೇಕಾಯಿತು. ಬೇಜಾರಿನ ಕೆಲಸ. ಆದರೆ ಅದರಿಂದಲೇ ಈ ಕೆಳಗಿನದು ಸಾಧ್ಯವಾಯಿತು.

ಹದಿನಾಲ್ಕನೇ ಅಧ್ಯಾಯ. ಪರೀಕ್ಷೆ ಮುಗಿದಿದೆ. ಪ್ರಣವ್ ರಸಾಯನಶಾಸ್ತ್ರದ ನೋಟ್ಸ್‌ಗೆ ಹೊಸ ರಟ್ಟು ಹಾಕಿಸಿ ವಾಪಸ್ ಕೊಟ್ಟಿದ್ದಾನೆ. ಒಪ್ಪಂದದಲ್ಲಿ ಅವನ ಪಾಲು ತೀರಿತು, ಇನ್ನು ಬರಬೇಕಾಗಿಲ್ಲ. ಮರುದಿನ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಕೂತಿದ್ದಾನೆ, ಪಕ್ಕದಲ್ಲಿ ಅವಳಿಗೆ ಅಂತ ಜಾಗ ಬಿಟ್ಟು, ಎಡಗೈ ಬರುವ ಕಡೆ. ಶ್ರಾವ್ಯ ಬಂದು ಕೂತು ನಿಶಾಂತ್ ಇವತ್ತು ಏನು ಮೆಸೇಜ್ ಮಾಡಿದ ಅಂತ ಹೇಳಲು ಶುರು ಮಾಡುತ್ತಾಳೆ. ಅವನು ಕೇಳಿಸಿಕೊಳ್ಳುತ್ತಾನೆ. ಅಧ್ಯಾಯ ಅಲ್ಲಿಗೆ ಮುಗಿಯುತ್ತೆ. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ "ಅಯ್ಯೋ ಪೆದ್ದಿ" ಅಂತ ಇತ್ತು. ನೋಟ್ಸಿನ ವಿಷಯದಲ್ಲಿ ನನ್ನ ಜೊತೆ ಜಗಳ ಆಡಿದ್ದವಳು ಆಮೇಲೆ ಅದರ ಬಗ್ಗೆ ತುಟಿ ಬಿಚ್ಚಲಿಲ್ಲ.

ಈಗ ದಿವ್ಯಾ. ಗುಟ್ಟು ರಟ್ಟಾಗುವ ಭಾಗದಲ್ಲಿ ಸಾಮಾನ್ಯವಾಗಿ ಏನಾಗುತ್ತೆ? ಆ ನಿಯಮದ ಕಾಗದ ಯಾರದೋ ಕೈಗೆ ಸಿಗುತ್ತೆ, ಎಲ್ಲರ ಎದುರು ಓದುತ್ತಾರೆ, ಹುಡುಗಿ ಅಳುತ್ತಾ ಓಡುತ್ತಾಳೆ. ನಾನೂ ಹಾಗೇ ಯೋಜನೆ ಹಾಕಿದ್ದೆ. ಬರೆಯುತ್ತಾ ಹೋದ ಹಾಗೆ, ಈ ಸುಳ್ಳಿನಿಂದ ನಿಜವಾಗಿ ಪೆಟ್ಟು ತಿನ್ನುವವರು ಯಾರು ಅಂತ ಯೋಚನೆ ಬಂತು. ನಿಶಾಂತ್ ಅಲ್ಲ, ಅವನು ಬಿಟ್ಟು ಹೋದವನು. ಪ್ರಣವ್ ಅಲ್ಲ, ಅವನಿಗೆ ಮೊದಲಿಂದ ಎಲ್ಲಾ ಗೊತ್ತು. ದಿವ್ಯಾ. ಬ್ರೇಕಪ್ ಆದಾಗ ರಾತ್ರಿಯೆಲ್ಲಾ ಫೋನ್ ಹಿಡಿದು ಕೂತವಳು. ಶ್ರಾವ್ಯಳಿಗೆ ಹೊಸ ಹುಡುಗ ಸಿಕ್ಕ ಅಂತ ಎಲ್ಲರಿಗಿಂತ ಜಾಸ್ತಿ ಕುಣಿದವಳು. ಅವಳಿಗೆ ಹೇಳಿರಲಿಲ್ಲ. ಇಂಥ ಕಥೆಗಳಲ್ಲಿ ಗೆಳತಿ ಅಂದರೆ ಒಂದೋ ಐಡಿಯಾ ಕೊಡುವವಳು, ಇಲ್ಲಾ ನಗಿಸುವವಳು. ಅವಳಿಗೂ ಒಂದು ಮನಸ್ಸಿದೆ ಅನ್ನೋದು ಬರೆಯುವವರಿಗೆ ನೆನಪಾಗುವುದು ಕಡಿಮೆ.

ಶ್ರಾವ್ಯ ತಾನೇ ಹೋಗಿ ಹೇಳುತ್ತಾಳೆ. ಯಾರೂ ಹಿಡಿದುಕೊಡುವುದಿಲ್ಲ. ದಿವ್ಯಾ ಕೂಗಾಡಬಹುದು ಅಂತ ನಾನೇ ಅಂದುಕೊಂಡಿದ್ದೆ, ಅವಳು ಕೂಗಲಿಲ್ಲ.

"ನಿಶಾಂತ್‌ಗೆ ಸುಳ್ಳು ಹೇಳು, ಇಡೀ ಕ್ಲಾಸಿಗೆ ಹೇಳು. ನಂಗ್ಯಾಕೇ ಹೇಳ್ದೆ?"

"ನಿನ್ನ ಮುಖದಲ್ಲಿ ಎಲ್ಲಾ ಗೊತ್ತಾಗ್ಬಿಡುತ್ತೆ ಕಣೇ. ನೀನು ನಿಜವಾಗ್ಲೂ ಖುಷಿಯಾಗಿದ್ರೆ ಎಲ್ಲರೂ ನಂಬ್ತಾರೆ ಅಂತ…"

"ಅಂದ್ರೆ ನನ್ನ ಖುಷೀನೂ ನಿನ್ನ ನಾಟಕದ ಸಾಮಾನು."

ಈ ಮೂರು ಸಾಲು ಬರೆದು ನಾನು ಎದ್ದು ಹೋದೆ. ಮುಂದೆ ಶ್ರಾವ್ಯ ಏನು ಹೇಳಬಹುದು ಅಂತ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಕೊನೆಗೆ ಏನೂ ಹೇಳಿಸಲಿಲ್ಲ. ದಿವ್ಯಾ ಚೀಲ ತಗೊಂಡು ಹೋಗುತ್ತಾಳೆ. ಮುಂದಿನ ಎರಡು ಅಧ್ಯಾಯದಲ್ಲಿ ಅವಳಿಲ್ಲ. ಅವಳಿಲ್ಲದ ಆ ಅಧ್ಯಾಯಗಳಲ್ಲೇ ನಿಶಾಂತ್ ವಾಪಸ್ ಬಂದು ಮಾತಾಡುವುದು, ಶ್ರಾವ್ಯಳಿಗೆ ಬೇಕಾದ್ದೆಲ್ಲ ಕೈಗೆ ಸಿಗುವುದು. ಸಿಕ್ಕಿದ್ದನ್ನು ಓಡಿಹೋಗಿ ಹೇಳಲು ಯಾರೂ ಇಲ್ಲ. ಫೋನ್ ತೆಗೆದು ದಿವ್ಯಾಳ ಹೆಸರಿನ ತನಕ ಹೋಗಿ ವಾಪಸ್ ಬರುತ್ತಾಳೆ. ಇಡೀ ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಪ್ರೇಮಕಾದಂಬರಿಯ ಒಳ್ಳೆಯ ಅಧ್ಯಾಯ ಇಬ್ಬರು ಹುಡುಗಿಯರ ಜಗಳದ್ದು ಅಂದರೆ ಪ್ರಕಾಶಕರು ಏನಂತಾರೋ ಗೊತ್ತಿಲ್ಲ.

ಕೊನೆಯ ಅಧ್ಯಾಯಕ್ಕೆ ನನ್ನ ಹತ್ತಿರ ಹಲವು ಕರಡು ಇದ್ದವು. ಒಂದರಲ್ಲಿ ಒಪ್ಪಂದದ ಕಾಗದ ಹರಿದು ಚೂರು ಮಾಡುತ್ತಾರೆ. ಅದನ್ನು ಬರೆದ ಕೂಡಲೇ ಅಳಿಸಿದೆ, ಅದನ್ನು ಎಲ್ಲರೂ ಮಾಡುತ್ತಾರೆ. ಇನ್ನೊಂದರಲ್ಲಿ ಶ್ರಾವ್ಯ ಇಬ್ಬರೂ ಬೇಡ ಅಂತ ಒಂಟಿಯಾಗಿ ನಡೆದು ಹೋಗುತ್ತಾಳೆ. ಅದು ನನಗೆ ಗಂಭೀರವಾಗಿ ಕಂಡಿತ್ತು, ಸ್ವಲ್ಪ ಹೆಮ್ಮೆಯೂ ಇತ್ತು. ಅಕ್ಕನ ಮಗಳು ಅದನ್ನು ಓದಿ ಪ್ರಿಂಟ್ ಮಡಚಿಟ್ಟು, "ಚಿಕ್ಕಮ್ಮ, ಇಷ್ಟು ಪುಟ ಓದಿಸಿ ಹೀಗೆ ಮಾಡಿದ್ರೆ ನಾನು ನಿನ್ನ ಜೊತೆ ಮಾತಾಡಲ್ಲ" ಅಂದಳು. ಅವಳ ಮಾತಿನಲ್ಲಿ ನ್ಯಾಯ ಇತ್ತು. ಇಂಥ ಪುಸ್ತಕ ಕೈಗೆ ತಗೊಳ್ಳುವವರು ಒಂದು ಭರವಸೆಯ ಮೇಲೆ ತಗೊಳ್ಳುತ್ತಾರೆ. ಆ ಭರವಸೆ ಮುರಿದು ದೊಡ್ಡ ಸಾಹಿತ್ಯ ಬರೆದೆ ಅಂತ ಬೀಗುವುದರಲ್ಲಿ ನನಗೆ ಆಸಕ್ತಿ ಇಲ್ಲ. ಕೊಡಬೇಕಾದ್ದನ್ನು ಕೊಡಬೇಕು, ಅಗ್ಗವಾಗಿ ಕೊಡಬಾರದು.

ಹಾಗಾಗಿ ಪ್ರಣವ್ ಇದ್ದಾನೆ. ಶ್ರಾವ್ಯ ನಿಶಾಂತ್‌ಗೆ ನಾಟಕದ ವಿಷಯ ಪೂರ್ತಿ ಹೇಳುತ್ತಾಳೆ, ಅವನೂ ಬೆವರು ಒರೆಸಿಕೊಂಡು, ಮೊದಲ ಸಲ, ಉಸಿರು ಕಟ್ಟಿದ್ದನ್ನು ಹೇಳುತ್ತಾನೆ. ಆ ಮಾತು ಆಗ ಆಡಿದ್ದರೆ ಅನ್ನೋದು ಇಬ್ಬರಿಗೂ ಹೊಳೆಯುತ್ತೆ, ಆದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮತ್ತೆ ಪ್ರಣವ್ ಹತ್ತಿರ ಹೋಗುವ ಮುಂಚೆ ಅವಳು ಹೋಗುವುದು ದಿವ್ಯಾಳ ಮನೆಗೆ. ಕೊನೆ ಪುಟದಲ್ಲಿ ಯಾರೂ ಮಂಡಿಯೂರುವುದಿಲ್ಲ. ಪ್ರಣವ್ ಹೊಸ ನಿಯಮ ಬರೆಯಬೇಕಾ ಅಂತ ಕೇಳುತ್ತಾನೆ. ಶ್ರಾವ್ಯ ಪೆನ್ನನ್ನು ಅವನ ಕಡೆ ತಳ್ಳುತ್ತಾಳೆ.

ಅಕ್ಕನ ಮಗಳು ಈ ಕರಡನ್ನು ಗೆಳತಿಯರಿಗೂ ಓದಿಸಿದ್ದಾಳೆ, ನನ್ನನ್ನು ಕೇಳದೆ. ಅವರಲ್ಲಿ ಎರಡು ಪಕ್ಷ ಆಗಿದೆಯಂತೆ. ಒಂದು ಗುಂಪಿಗೆ ನಿಶಾಂತ್‌ಗೆ ಅನ್ಯಾಯ ಆಗಿದೆ, ಅವನ ಕಡೆಯಿಂದಲೂ ಒಂದು ಪುಸ್ತಕ ಬರಬೇಕು. ಸುಮ್ನೆ ನೋಡೋಣ ಅಂತ ಮೊದಲ ಅಧ್ಯಾಯ ಬರೆಯಲು ಕೂತೆ. "ಸ್ವಲ್ಪ ದಿನ ಬ್ರೇಕ್ ತಗೊಳ್ಳೋಣ" ಅನ್ನೋ ಆ ಒಂದು ಸಾಲು ಕಳಿಸುವ ಮುಂಚೆ ಅವನು ಬರೆದು ಅಳಿಸಿದ ಮೆಸೇಜುಗಳಿಂದ ಶುರುವಾಗುತ್ತೆ. ಅಲ್ಲಿಂದ ನೋಡಿದರೆ ಶ್ರಾವ್ಯ ಸಹಿಸಲು ತುಸು ಕಷ್ಟದ ಹುಡುಗಿ. ಅಕ್ಕನ ಮಗಳಿಗೆ ಇದನ್ನಿನ್ನೂ ತೋರಿಸಿಲ್ಲ. ಅವಳು ಶ್ರಾವ್ಯಳ ಪಕ್ಷ.